ಗಸಗಸೆ ಕಾಳಿನ ಹಿಂದೆ

ಉಂಗುರ ಕೆತ್ತುವುದಕ್ಕೇ ನನಗೆ ಎರಡು ವಾರ ಹಿಡಿಯಿತು. ಕಪ್ಪು ಗಾಜಿನ ನಡುವೆ 3 ಮಿ.ಮೀ. ವ್ಯಾಸದ, ಕೂದಲೆಳೆಯಷ್ಟು ಅಗಲದ ಒಂದು ಪಾರದರ್ಶಕ ಬಳೆ ಬೇಕಾಗಿತ್ತು, ಅಷ್ಟೇ.

ಕಾರವಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಬೆಳಕನ್ನು ಕಿರಿದಾದ ಕಿಂಡಿಯಲ್ಲಿ ಹಾಯಿಸಿದಷ್ಟೂ ಅದು ಆಚೆಗೆ ಹೆಚ್ಚು ಹರಡುತ್ತದೆ ಎಂದು ಪ್ರತಿವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ 1987ರಲ್ಲಿ ಅಮೆರಿಕದ ಡರ್ನಿನ್ ಮತ್ತು ಸಂಗಡಿಗರು ಉಂಗುರದ ಸೀಳು, ಅದರ ಮುಂದೊಂದು ಮಸೂರ ಇಟ್ಟು, ಬಹುದೂರ ಹರಡದೆ ಸಾಗುವ ಬೆಳಕಿನ ಎಳೆಯನ್ನು ತೋರಿಸಿದ್ದರು. ಇದೇ ಬೆಸೆಲ್ ಕಿರಣ. ಆಕ್ಸಿಕಾನ್ ಎಂಬ ಶಂಕುವಿನಾಕಾರದ ಗಾಜನ್ನು ಕೊಂಡರೆ ಕೆಲಸ ಸಲೀಸು, ಬೆಳಕೂ ಪೋಲಾಗದು. ಬೆಲೆ ಕೇಳಿ ಸುಮ್ಮನಾದೆ.

ಮೊದಲು ಪಾರದರ್ಶಕ ಹಾಳೆಯ ಮೇಲೆ ಉಂಗುರವನ್ನು ಮುದ್ರಿಸಿ ತಂದೆ. ಮುದ್ರಣದ ಕಪ್ಪು ನಿಜವಾದ ಕಪ್ಪಲ್ಲ, ಅದರ ತುಂಬ ಸೂಜಿಮೊನೆಯ ತೂತುಗಳು. ಲೇಸರ್ ಎಲ್ಲೆಡೆಯಿಂದ ಸೋರಿತು. ಕೊನೆಗೆ ಅಜ್ಜಿ ಕಾಡಿಗೆ ಮಾಡುತ್ತಿದ್ದ ಉಪಾಯ ನೆನಪಾಯಿತು. ಕರ್ಪೂರ ಹಚ್ಚಿ ಅದರ ಹೊಗೆಯ ಮೇಲೆ ಗಾಜಿನ ಪಟ್ಟಿ ಹಿಡಿದೆ. ಮಸಿ ಸಮನಾಗಿ ಕೂತಿತು. ಅದರ ಮೇಲೆ ಕೈವಾರದಿಂದ ವೃತ್ತ ಎಳೆದಾಗ ಮತ್ತೊಂದು ಫಜೀತಿ: ಕೈವಾರದ ಮುಳ್ಳು ನಡುವೆಯೂ ಒಂದು ತೂತು ಮಾಡಿತು, ಆ ತೂತಿನ ಬೆಳಕು ಇಡೀ ವಿನ್ಯಾಸವನ್ನು ಕೆಡಿಸಿತು. ಹಾಗಾಗಿ ಕೆಟ್ಟುಹೋದ ಸಿಡಿ ಪ್ಲೇಯರಿನ ತಿರುಗುವ ಬಿಲ್ಲೆಗೆ ಗಾಜನ್ನು ಮೇಣದಿಂದ ಅಂಟಿಸಿ, ಸೂಜಿಯನ್ನು ಒಂದೇ ಕಡೆ ಸ್ಥಿರವಾಗಿ ತಾಗಿಸಿ, ಬಿಲ್ಲೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದೆ. ಹನ್ನೊಂದನೆಯ ಗಾಜು ದಕ್ಕಿತು. ಸೂಕ್ಷ್ಮದರ್ಶಕದಲ್ಲಿ ಅಳೆದರೆ ಗೀರಿನ ಅಗಲ 0.06 ಮಿ.ಮೀ.

ಉಳಿದದ್ದೆಲ್ಲ ಪ್ರಯೋಗಾಲಯದಲ್ಲಿಯೇ ಇತ್ತು. 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್, ಅದನ್ನು ಹಿಗ್ಗಿಸಲು ಎರಡು ಮಸೂರ, ಆಮೇಲೆ ಉಂಗುರ, ಅದರಿಂದ ಸರಿಯಾಗಿ 30 ಸೆಂ.ಮೀ. ಆಚೆಗೆ 30 ಸೆಂ.ಮೀ. ಸಂಗಮದೂರದ ಮಸೂರ. ಈ ಅಂತರ ತಪ್ಪಿದರೆ ಚುಕ್ಕೆ ಮುಂದೆ ಸಾಗಿದಂತೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಲೇಸರಿನ ನೂರರಲ್ಲಿ ಒಂದು ಪಾಲೂ ಈ ಉಂಗುರವನ್ನು ದಾಟುವುದಿಲ್ಲ. ಕಾಗದ ಹಿಡಿದು ನೋಡಿದರೆ ಏನೂ ಕಾಣಲಿಲ್ಲ. ಹಳೆಯ ವೆಬ್‌ಕ್ಯಾಮೆರಾದ ಮಸೂರ ಬಿಚ್ಚಿ, ಅದರ ಬರಿಯ ಸಂವೇದಕವನ್ನೇ ಬೆಳಕಿಗೆ ಒಡ್ಡಿದಾಗ ಪರದೆಯ ಮೇಲೆ ಮೂಡಿತು: ನಡುವೆ ಉಜ್ವಲ ಚುಕ್ಕೆ, ಸುತ್ತಲೂ ನೀರಿಗೆ ಕಲ್ಲೆಸೆದಂತೆ ಬಳೆಯ ಮೇಲೆ ಬಳೆ.

ಚುಕ್ಕೆಯ ವ್ಯಾಸ ಲೆಕ್ಕದ ಪ್ರಕಾರವೇ ಬಂತು, ಸುಮಾರು 0.1 ಮಿ.ಮೀ. ಕ್ಯಾಮೆರಾವನ್ನು ಮಸೂರದಿಂದ 10 ಸೆಂ.ಮೀ. ದೂರದಲ್ಲಿಟ್ಟರೂ ಅಷ್ಟೇ, 50 ಸೆಂ.ಮೀ. ದೂರದಲ್ಲಿಟ್ಟರೂ ಅಷ್ಟೇ. ಸಾಮಾನ್ಯ ಲೇಸರ್ ಕಿರಣವನ್ನು ಇಷ್ಟು ಸಣ್ಣಗೆ ಕೇಂದ್ರೀಕರಿಸಿದ್ದರೆ 60 ಸೆಂ.ಮೀ. ಹೋಗುವಷ್ಟರಲ್ಲಿ ಅದು ಅರ್ಧ ಸೆಂಟಿಮೀಟರಿನಷ್ಟು ಅಗಲವಾಗಿರುತ್ತಿತ್ತು. ನನ್ನ ಚುಕ್ಕೆಯೂ 65 ಸೆಂ.ಮೀ. ಹತ್ತಿರ ಬರುತ್ತಿದ್ದಂತೆ ಮಂಕಾಗಿ ಕರಗಿತು.

ಕರಗಲೇಬೇಕು. ‘ಹರಡದ ಕಿರಣ’ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ನಡುವಿನ ಬೆಳಕು ನೆಟ್ಟಗೆ ಹೋಗುತ್ತಿಲ್ಲ. ಉಂಗುರದ ಎಲ್ಲ ಕಡೆಯಿಂದಲೂ ಅಲೆಗಳು ಒಂದೇ ಓರೆಯಲ್ಲಿ ಅಕ್ಷದತ್ತ ಬಂದು, ಅಲ್ಲಿ ಒಂದರೊಡನೊಂದು ಕೂಡಿ, ದಾಟಿಹೋಗುತ್ತವೆ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ತೇರಿನ ಸುತ್ತ ಜನ ಯಾವಾಗಲೂ ಕಿಕ್ಕಿರಿದೇ ಇರುತ್ತಾರೆ, ಆದರೆ ಹೊರಟಾಗ ಇದ್ದವರೇ ಗದ್ದುಗೆಯ ಹತ್ತಿರವೂ ಇರುವುದಿಲ್ಲ. ಇದೂ ಹಾಗೆಯೇ. ಅಂಚಿನಿಂದ ಬರುವ ಬೆಳಕಿನ ಪೂರೈಕೆ ಮುಗಿದಲ್ಲಿ ಚುಕ್ಕೆಯೂ ಮುಗಿಯುತ್ತದೆ.

ಹಾಗಿದ್ದರೆ ನಡುಚುಕ್ಕೆಗೆ ಏನಾದರೂ ಅಡ್ಡ ಇಟ್ಟರೂ, ಬದಿಯಿಂದ ಬರುವ ಅಲೆಗಳು ಅದರಾಚೆ ಕೂಡಿ ಚುಕ್ಕೆ ಮತ್ತೆ ಮೂಡಬೇಕು. ಇದನ್ನು ಪರೀಕ್ಷಿಸಲು ಮೊದಲು ಹೊಲಿಗೆಯ ದಾರವನ್ನು ಅಡ್ಡ ಕಟ್ಟಿದೆ. ಚುಕ್ಕೆ ಅರೆಬರೆಯಾಗಿ ಚೇತರಿಸಿಕೊಂಡಿತು. ದಾರದ ಉದ್ದಕ್ಕೂ ಬರುವ ಅಲೆಗಳಿಗೆ ದಾರ ಎಲ್ಲಿಯೂ ಮುಗಿಯುವುದೇ ಇಲ್ಲವಲ್ಲ! ನನ್ನ ಪೆದ್ದುತನಕ್ಕೆ ನಗು ಬಂತು. ಮನೆಯಿಂದ ಗಸಗಸೆ ತಂದು, ಸುಮಾರು 1 ಮಿ.ಮೀ. ಅಗಲದ ಒಂದು ಕಾಳನ್ನು ಗಾಜಿನ ಪಟ್ಟಿಗೆ ಗೋಂದಿನಿಂದ ಅಂಟಿಸಿ ನಡುಚುಕ್ಕೆಗೆ ಸರಿಯಾಗಿ ಅಡ್ಡ ಇಟ್ಟೆ. ಉಂಗುರದ ತ್ರಿಜ್ಯ 1.5 ಮಿ.ಮೀ.ಯನ್ನು ಮಸೂರದ ಸಂಗಮದೂರ 30 ಸೆಂ.ಮೀ.ನಿಂದ ಭಾಗಿಸಿದರೆ ಅಲೆಗಳ ಓರೆಯ ಪ್ರಮಾಣ 0.005. ಕಾಳಿನ ಅರ್ಧ ಅಗಲವನ್ನು ಅದರಿಂದ ಭಾಗಿಸಿದರೆ ನೆರಳು 10 ಸೆಂ.ಮೀ. ಇರಬೇಕು. ಕಾಳಿನ ಬೆನ್ನ ಹಿಂದೆ ಕತ್ತಲು. ಕ್ಯಾಮೆರಾ ಸರಿಸುತ್ತ ಹೋದೆ. 10 ಸೆಂ.ಮೀ. ದಾಟುತ್ತಿದ್ದಂತೆ ಚುಕ್ಕೆ ತನ್ನ ಬಳೆಗಳ ಸಮೇತ ಮರಳಿತು.

ಪರದೆ ನೋಡುತ್ತಿದ್ದ ನಮ್ಮ ಅಟೆಂಡರ್, “ಸರ್, ಕಾಳು ಉದುರಿಹೋಗಿದೆ” ಎಂದರು. ಬಗ್ಗಿ ನೋಡಿದರು. ಕಾಳು ಇದ್ದಲ್ಲಿಯೇ ಇತ್ತು.

ಸಹೋದ್ಯೋಗಿಯೊಬ್ಬರು ಅಷ್ಟಕ್ಕೆ ಒಪ್ಪಲಿಲ್ಲ. 1818ರಲ್ಲಿ ಫ್ರೆಂಚ್ ವಿಜ್ಞಾನಿ ಫ್ರೆನೆಲ್‌ನ ‘ಬೆಳಕು ಅಲೆ’ ಎಂಬ ಸಿದ್ಧಾಂತವನ್ನು ಅಣಕಿಸಲು ಪಾಯ್ಸನ್ ಲೆಕ್ಕ ಹಾಕಿದ್ದ, ಅರಾಗೊ ಪ್ರಯೋಗ ಮಾಡಿ ಕಂಡೇಬಿಟ್ಟ ದುಂಡು ವಸ್ತುವಿನ ನೆರಳ ನಡುವೆ ಅಲೆಗಳು ಕೂಡಿ ಮೂಡುವ ಆ ಚುಕ್ಕೆಯೇ ಇದು ಎಂದರು. ತಕರಾರು ನ್ಯಾಯವಾದದ್ದೇ. ಆದರೆ ಪಾಯ್ಸನ್ ಚುಕ್ಕೆ ದೂರ ಹೋದಷ್ಟೂ ದಪ್ಪವಾಗುತ್ತದೆ. ಕಾಳಿನಿಂದ 12 ಸೆಂ.ಮೀ. ಮತ್ತು 30 ಸೆಂ.ಮೀ. ಆಚೆ ತೆಗೆದ ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಗಾತ್ರ ಒಂದೇ.

ಈ ಗುಣವನ್ನು ದುಡಿಸಿಕೊಳ್ಳುವವರು ಬಹಳ ಮಂದಿ. ಅತ್ಯಲ್ಪ ಕಾಲ ಮಾತ್ರ ಮಿನುಗುವ ಲೇಸರನ್ನು ಹೀಗೆ ಎಳೆಯಾಗಿಸಿ ಗಾಜಿನ ಪೂರ್ತಿ ದಪ್ಪಕ್ಕೆ ಒಂದೇ ಏಟಿನಲ್ಲಿ ಸೀಳುಗೆರೆ ಹಾಕುತ್ತಾರೆ. 2002ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ತಂಡ 3 ಮಿ.ಮೀ. ಅಂತರದ ಎರಡು ಪುಟ್ಟ ಡಬ್ಬಿಗಳಲ್ಲಿದ್ದ ಸೂಕ್ಷ್ಮ ಕಣಗಳನ್ನು ಒಂದೇ ಕಿರಣದಲ್ಲಿ ಹಿಡಿದಿಟ್ಟಿತು. ಮೊದಲ ಕಣ ಅಡ್ಡ ಬಂದರೂ ಎರಡನೆಯದನ್ನು ತಲುಪುವ ಹೊತ್ತಿಗೆ ಕಿರಣ ಸರಿಹೋಗಿತ್ತು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಇದಕ್ಕೆ ತೆರಿಗೆ ಉಂಟು. ಪ್ರತಿ ಬಳೆಯೂ ನಡುಚುಕ್ಕೆಯಷ್ಟೇ ಶಕ್ತಿಯನ್ನು ನುಂಗುವುದರಿಂದ, ಬೇಡದ ಜಾಗವೂ ಬೆಳಗಿ ಚಿತ್ರ ಮಸುಕಾಗುತ್ತದೆ.

ಜುಲೈಯ ಮಳೆಗೆ ಹಿಗ್ಗಿಸುವ ಮಸೂರವೊಂದಕ್ಕೆ ಬೂಷ್ಟು ಹತ್ತಿತು. ಕರಾವಳಿಯಲ್ಲಿ ಇದು ತಪ್ಪಿದ್ದಲ್ಲ. ಹನ್ನೊಂದನೆಯ ಗಾಜನ್ನು ವಿದ್ಯಾರ್ಥಿಯೊಬ್ಬ ಕೊಳೆ ಎಂದುಕೊಂಡು ಕರವಸ್ತ್ರದಿಂದ ಚೊಕ್ಕವಾಗಿ ಒರೆಸಿಟ್ಟಿದ್ದ. ಬಯ್ಯಲು ಬಾಯಿ ಬರಲಿಲ್ಲ. ಕರ್ಪೂರದ ಡಬ್ಬಿ ತರಲು ಅವನನ್ನೇ ಕಳುಹಿಸಿದೆ.