ಪಾಲಿಕೆಗೆ ದೂರು ಕೊಡುವ ಮೊದಲು ಎಐಯಿಂದ ಪ್ರಶ್ನೆ ಕೇಳಿಸಿಕೊಳ್ಳಿ

ಮಂಗಳೂರಿನವರೇ, ಬೀದಿದೀಪ, ಚರಂಡಿ, ಕಸದ ದೂರಿಗೆ ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ಬಳಸುವಾಗ ಸುಮ್ನೆ ‘ದೂರು ಬರೆದುಕೊಡು’ ಅನ್ನಬೇಡಿ. ವಿಷಯ ಹೇಳಿ, ‘ಪಾಲಿಕೆಯವರು ಇದನ್ನು ಓದಿ ನೇರ ಜಾಗಕ್ಕೆ ಬರಬೇಕಾದರೆ ಏನು ಮಾಹಿತಿ ಕಮ್ಮಿ ಇದೆ? ಒಂದೊಂದಾಗಿ ಕೇಳು, ಆಮೇಲೆ ಐದು ಸಾಲಲ್ಲಿ ಬರೆ’ ಅನ್ನಿ. ಆಗ ಅದು ಕಂಬದ ನಂಬರ್, ಹತ್ತಿರದ ಗುರುತು, ಎಷ್ಟು ದಿನದಿಂದ ಅಂತೆಲ್ಲ ಕೇಳುತ್ತದೆ. ‘ಕದ್ರಿಯಲ್ಲಿ ಲೈಟ್ ಇಲ್ಲ’ ಅಂತಷ್ಟೇ ಬರೆದರೆ ಯಾವ ಕಂಬ ಅಂತ ಅವರಿಗೆ ಗೊತ್ತಾಗುವುದು ಹೇಗೆ, ಅಲ್ವಾ? ಒಂದು ದೂರಿನಲ್ಲಿ ಒಂದೇ ಸಮಸ್ಯೆ ಇರಲಿ. ಚರಂಡಿ ನೋಡುವವರು ಬೇರೆ, ಲೈಟ್ ನೋಡುವವರು ಬೇರೆ. ಆದರೆ ವಾರ್ಡ್ ನಂಬರ್, ಫೋನ್ ನಂಬರ್ ವಿಷಯದಲ್ಲಿ ಎಐಯನ್ನು ನಂಬಲೇಬೇಡಿ. ನಮ್ಮ ಪಾಲಿಕೆಯಲ್ಲಿ 60 ವಾರ್ಡ್ ಇವೆ, ಗೊತ್ತಿಲ್ಲದಿದ್ದರೂ ಯಾವುದೋ ಒಂದನ್ನು ಖಚಿತವಾಗಿ ಹೇಳಿಬಿಡುತ್ತದೆ. ವಾರ್ಡ್ ನಂಬರನ್ನು ಮನೆ ತೆರಿಗೆ ರಶೀದಿ ನೋಡಿ ನೀವೇ ಹಾಕಿ. ತುಳುವಿನಲ್ಲಿ ಮಾತಾಡಿ ಟೈಪ್ ಮಾಡಿಸಿದರೆ ತಪ್ಪು ಜಾಸ್ತಿ, ಕನ್ನಡದಲ್ಲೇ ಹೇಳಿ. ಗಾಳಿಮಳೆಗೆ ಕರೆಂಟ್ ತಂತಿ ಕಡಿದು ಬಿದ್ದಿದ್ದರೆ ಇದೆಲ್ಲ ಬೇಡ. ದೂರ ನಿಂತು ತಕ್ಷಣ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ.