ಡೀಡೆರಿಕ್ ಕೋಗಿಲೆಯನ್ನು ಗುರುತು ಹಿಡಿಯುವುದು ಹೇಗೆ?

ಅಕ್ಟೋಬರಿನಿಂದ ಮಾರ್ಚ್ ಒಳಗೆ ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿಗೆ ಹೋಗುವವರಿಗೆ ಒಂದು ಮಾತು. ಸಿಂಹ, ಆನೆ ತೋರಿಸೋಕೆ ಜೀಪಿನವರಿದ್ದಾರೆ. ಬಿಡುವು ಸಿಕ್ಕಾಗ ನೀವು ಗೂಡುಗಳು ತೂಗಾಡುವ ಮರವೊಂದನ್ನು ಹುಡುಕಿ, ಸ್ವಲ್ಪ ದೂರದಲ್ಲಿ ಸುಮ್ನೆ ಕೂತುಬಿಡಿ. ಆ ಗೂಡುಗಳು ನಮ್ಮ ಗೀಜಗನ ಬಳಗದ ಹಕ್ಕಿಗಳದ್ದು. ಡೀಡೆರಿಕ್ ಕೋಗಿಲೆ ಮೊಟ್ಟೆ ಇಡೋಕೆ ಬರುವುದು ಅಲ್ಲಿಗೇ.

ಮೊದಲು ಕಿವಿಗೆ ಕೆಲಸ ಕೊಡಿ. 'ಡೀ-ಡೀ-ಡೀ-ಡೀಡೆರಿಕ್' ಅಂತ ಗಂಡು ಬಿಡದೆ ಕೂಗುತ್ತದೆ, ಹೆಸರು ಬಂದದ್ದೂ ಅದರಿಂದಲೇ.

ಆಮೇಲೆ ದುರ್ಬೀನು ಎತ್ತಿ. ಗೊರವಂಕಕ್ಕಿಂತ ಚಿಕ್ಕ ಹಕ್ಕಿ, ಉದ್ದ 18ರಿಂದ 20 ಸೆಂ.ಮೀ. ಅಷ್ಟೇ. ಬೆನ್ನು ಹಸಿರು, ಅದರ ಮೇಲೆ ತಾಮ್ರದ ಮಿರುಗು. ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಳ್ಳುತ್ತಿದ್ದ ಜೀರ್ಜಿಂಬೆ ನೆನಪಿದೆ ಅಲ್ವಾ, ಬಿಸಿಲು ಬಿದ್ದರೆ ಥೇಟ್ ಅದೇ ಹೊಳಪು. ಹೆಣ್ಣಿನಲ್ಲಿ ತಾಮ್ರದ ಬಣ್ಣವೇ ಜಾಸ್ತಿ.

ಎಡವುವುದು ಇಲ್ಲೇ. ಕ್ಲಾಸ್ ಕೋಗಿಲೆಯೂ ಹಸಿರು, ಅದರ ಹೊಟ್ಟೆಯೂ ಬಿಳಿ. ಹಾಗಾಗಿ ಬಣ್ಣ ಬಿಟ್ಟು ಕಣ್ಣು ನೋಡಿ. ಗಂಡು ಡೀಡೆರಿಕ್‌ನ ಕಣ್ಣು ಕೆಂಪು, ರೆಕ್ಕೆ ಮೇಲೆ ಬಿಳಿ ಚುಕ್ಕೆ, ಪಕ್ಕೆಯಲ್ಲಿ ಅಡ್ಡಪಟ್ಟೆ. ಕ್ಲಾಸ್‌ನ ಕಣ್ಣು ಕಪ್ಪಗಿರುತ್ತದೆ, ರೆಕ್ಕೆಯಲ್ಲಿ ಚುಕ್ಕೆ ಇಲ್ಲ. (ಈ ಕ್ಲಾಸ್ ಯಾರು ಅಂದರೆ, ಫ್ರೆಂಚ್ ಪ್ರವಾಸಿ ಲೆವಾಯಾಂ ಜೊತೆಗಿದ್ದ ಖೋಯ್‌ಖೋಯ್ ಸಹಾಯಕ, ಹಕ್ಕಿಗೆ ಅವನ ಹೆಸರು ಇಟ್ಟದ್ದು ನನಗೆ ತುಂಬಾ ಇಷ್ಟ.) ಹೊಟ್ಟೆ ಅಚ್ಚ ಹಳದಿ ಇದ್ದರೆ ಅದು ಪಚ್ಚೆ ಕೋಗಿಲೆ, ದಟ್ಟ ಕಾಡಿನ ಮರಗಳ ನೆತ್ತಿಯಲ್ಲಿರುವಂಥದ್ದು.

ಗುರುತು ಸಿಕ್ಕ ಮೇಲೆ ಎದ್ದು ಹೋಗಬೇಡಿ. ಗಂಡು ಕಂಬಳಿಹುಳ ಹಿಡಿದು ತಂದು ಹೆಣ್ಣಿನ ಬಾಯಿಗೆ ಕೊಡುವುದು ಕಾಣಬಹುದು. ಹೆಣ್ಣು ಗೂಡಿನ ಹತ್ತಿರ ಸುಳಿದರೆ ಮಾತ್ರ ಗೀಜಗಗಳು ಗಲಾಟೆ ಮಾಡಿ ಅಟ್ಟಿಸಿಕೊಂಡು ಬರುತ್ತವೆ. ಪಾಪ, ಅವಕ್ಕೆ ಗೊತ್ತು. ಆ ಗೀಜಗಗಳಲ್ಲಿ ಒಂದೊಂದು ಹೆಣ್ಣಿನ ಮೊಟ್ಟೆಯ ಬಣ್ಣ ಒಂದೊಂದು ಥರ, ಬೇರೆ ಮೊಟ್ಟೆ ಅನ್ನಿಸಿದರೆ ಎತ್ತಿ ಎಸೆಯುತ್ತವೆ, ಅದಕ್ಕೇ ಈ ಕೋಗಿಲೆಯ ಮೊಟ್ಟೆಯೂ ಅವುಗಳ ಮೊಟ್ಟೆಯನ್ನೇ ಹೋಲುವಂತಾಗಿದೆ. ಕಾಗೆ ಗೂಡಲ್ಲಿ ಬೆಳೆಯುವ ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಕಾಗೆಮರಿಗಳ ಜೊತೆಗೇ ಇರುತ್ತದೆ. ಡೀಡೆರಿಕ್ ಮರಿ ಹಾಗಲ್ಲ. ಕಣ್ಣು ಬಿಡುವ ಮೊದಲೇ ಉಳಿದ ಮೊಟ್ಟೆಗಳನ್ನು ಬೆನ್ನಿನಿಂದ ತಳ್ಳಿ ಹೊರಗೆ ಹಾಕುತ್ತದೆ.

ಅಲ್ಲಿಯ ಬೇಸಿಗೆ ಮುಗಿಯುವ ಹೊತ್ತಿಗೆ, ಅಂದರೆ ಮಾರ್ಚ್ ಹತ್ತಿರ ಹೋದರೆ ಬೇಲಿಗಳ ಮೇಲೆ ಕಣ್ಣಿಡಿ. ಕೆಂಪು ಕೊಕ್ಕಿನ ಮರಿ ಬಾಯಿ ತೆರೆದು ಕೂತಿರುತ್ತದೆ, ಪಕ್ಕದಲ್ಲಿ ಗೀಜಗ ಹುಳ ತಂದು ಅದರ ಬಾಯಿಗೆ ತುರುಕುತ್ತಿರುತ್ತದೆ.