ಲಿಫ್ಟ್ ಮಾಡಿದ ಟ್ರಕ್‌ನಲ್ಲಿ ಟೈರ್ ಉಜ್ಜುವುದು ನಿಂತದ್ದು ಹೀಗೆ

ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದರೆ ಮುಂದಿನ ಟೈರ್ ಫೆಂಡರ್ ಲೈನರ್‌ಗೆ (ಚಕ್ರದ ಗೂಡಿನ ಒಳಗಿನ ಹೊದಿಕೆಗೆ) ಕರಕರ ಉಜ್ಜುತ್ತಿತ್ತು. ಟೈರ್ 285/70 ಆರ್17 (ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ), ವೀಲ್‌ನ ಆಫ್‌ಸೆಟ್ (ಹಬ್‌ಗೆ ಕೂರುವ ಮುಖ ವೀಲ್‌ನ ನಡುಗೆರೆಯಿಂದ ಎಷ್ಟು ಮಿ.ಮೀ. ದೂರ ಅನ್ನೋದು) 0. ಲಿಫ್ಟ್ ಮಾಡಿ, ಅಂದರೆ ಟ್ರಕ್ಕನ್ನು ಇನ್ನೂ ಎತ್ತರಿಸಿ ಅಂದವರೇ ಜಾಸ್ತಿ. ಆದರೆ ಲಿಫ್ಟ್‌ನಿಂದ ಸಿಗುವುದು ಮೇಲಿನ ಜಾಗ. ಚಕ್ರ ತಿರುಗುವಾಗ ಬೇಕಾದ್ದು ಹಿಂದೆ ಮುಂದೆ ಜಾಗ, ಅಲ್ವಾ? ವೀಲ್ ಅಗಲ ಅಷ್ಟೇ ಇದ್ದು ಆಫ್‌ಸೆಟ್ +30ರಿಂದ 0ಗೆ ಇಳಿದರೆ, ಚಕ್ರ 30 ಮಿ.ಮೀ. ಹೊರಗೆ ಬರುತ್ತದೆ. ತಿರುಗುವ ಸುತ್ತೂ ದೊಡ್ಡದಾಗುತ್ತದೆ.

ಅಷ್ಟೇ ಅಗಲದ +25 ವೀಲ್ ಹಾಕಿದೆ. ಒಳಗಡೆ ಮೇಲಿನ ಕಂಟ್ರೋಲ್ ಆರ್ಮ್‌ಗೂ (ಚಕ್ರವನ್ನು ಚಾಸಿಗೆ ಜೋಡಿಸುವ ಸಸ್ಪೆನ್ಷನ್ ತೋಳು) ಟೈರ್‌ಗೂ ನಡುವೆ ಬೆರಳು ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ಟೈರ್ 255/80 ಆರ್17 ಮಾಡಿದೆ. ಅಗಲ 30 ಮಿ.ಮೀ. ಕಡಿಮೆ, ಎತ್ತರ ಮಾತ್ರ ಹೆಚ್ಚುಕಡಿಮೆ 33 ಇಂಚೇ. ಈಗ ಒಂದು ಮುಂದಿನ ಚಕ್ರವನ್ನು ದಿಮ್ಮಿ ಮೇಲೆ ಹತ್ತಿಸಿ, ಸ್ಟೀರಿಂಗ್ ಕೊನೆತನಕ ತಿರುಗಿಸಿದರೂ ಎಲ್ಲೂ ತಾಗುತ್ತಿಲ್ಲ.